ಹಲಗೆ ಎತ್ತಿದ ಕೈ

ತಿಪ್ಪೇರುದ್ರಪ್ಪನಿಗೆ ಸ್ವಂತ ಗದ್ದೆ ಅಂತ ಒಂದು ಗೇಣೂ ಇರಲಿಲ್ಲ. ಇರಲೂಬಾರದು. ಮಡಕಶಿರಾ ಹತ್ತಿರದ ಹೇಮಾವತಿ ಕಡೆಯ ಆ ಊರಿನಲ್ಲಿ ಕೆರೆಯ ತೂಬು ಎತ್ತುವ ನೀರುಗಂಟಿಗೆ ಗದ್ದೆ ಇದ್ದರೆ ನೀರು ಮೊದಲು ಅಲ್ಲಿಗೇ ಹರಿಯುತ್ತದೆ ಎಂದು ಹಿರಿಯರಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮನೆಗಿಷ್ಟು ಅಂತ ಭತ್ತ ಅಳೆದು ಕೊಡುತ್ತಿದ್ದರು. ಅದೇ ಅವನ ಸಂಬಳ. ತೂಬು ಎತ್ತುವ ಕಬ್ಬಿಣದ ಕಂಬಿಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ನೀರು ಬಿಟ್ಟರೆ ಮೊದಲು ಕೊನೆಯ ಮಡಿಗೆ, ಆಮೇಲೆ ತೂಬಿನ ಪಕ್ಕದವರಿಗೆ. ಮೂವತ್ತು ವರ್ಷ ಈ ಕಟ್ಟಳೆ ತಪ್ಪಿರಲಿಲ್ಲ.

ಆ ಕಂಬಿಯ ಮೇಲೆ ಗಂಗರಾಜುವಿನ ಕಣ್ಣು ಬಿದ್ದಿತ್ತು. ಕೆರೆ ಸಂಘದ ಅಧ್ಯಕ್ಷ ಅವನೇ, ಕೆರೆಯ ಮೀನು ಗುತ್ತಿಗೆ ಹಿಡಿದವನೂ ಅವನೇ. ಬೆಳೆ ಕೊಯ್ದ ಮೇಲೆ ಉಳಿದ ನೀರಿನಲ್ಲಿ ಬಲೆ ಹಾಕಬೇಕು ಎಂಬುದು ಊರಿನ ಮಾತು. ಅಷ್ಟು ಹೊತ್ತಿಗೆ ಮೀನಿನ ರೇಟು ಬಿದ್ದುಹೋಗುತ್ತದೆ ಎಂಬುದು ಅವನ ಗೋಳು.

"ಕಾರ್ತೀಕದಾಗೇ ಕೆರೆ ಖಾಲಿ ಮಾಡಾಣ ಕಣಣ್ಣ," ಎಂದು ಒಮ್ಮೆ ಕೇಳಿದ್ದ.

"ಭತ್ತಕ್ಕೆ ನಿಮ್ಮಪ್ಪ ಉಚ್ಚೆ ಹುಯ್ತಾನೇನ್ಲಾ?" ಎಂದು ತಿಪ್ಪೇರುದ್ರಪ್ಪನಿಂದ ಬೈಸಿಕೊಂಡು ಹೋಗಿದ್ದ.

ಹೀಗಿರುವಾಗ ರಾಯದುರ್ಗದ ಹರೀಶ ಬಂದ. ಹಳೆಯ ಕೆರೆಗಳ ಕೆಲಸ ಮಾಡುವ ಯಾವುದೋ ಸಂಸ್ಥೆಯವನು.

"ಚೆಕ್ ದೇಶದಾಗ ತ್ರೆಬೋನ್ ಅಂತ ಊರೈತ್ರಿ. ಸುತ್ತ ಎಲ್ಲಿ ನೋಡಿದ್ರೂ ಮೀನಿನ ಕೆರೆ, ನೂರಾರು ವರ್ಷದ್ದು. ನೀವು, ನಿಮ್ಮ ಅಧ್ಯಕ್ಷರು ಇಬ್ರೂ ಬರ್ರಿ, ನಾವು ಕರಕೊಂಡು ಹೋಗ್ತೀವಿ."

"ನನ್ನ ಯಾಕಪ್ಪ?"

"ಯಾಕ ಅಂದ್ರ? ನಿಮ್ಮಂಥ ನೀರುಗಂಟಿ ಎಲ್ಲಿ ಉಳದಾರ್ರಿ ಈಗ?"

ಆ ಒಂದು ಮಾತಿಗೆ ತಿಪ್ಪೇರುದ್ರಪ್ಪ ಮೆತ್ತಗಾದ. ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಕೋಟು ತೊಟ್ಟು, ಕಂಬಿಯನ್ನು ಅಟ್ಟದ ಮೇಲಿಟ್ಟು ವಿಮಾನ ಹತ್ತಿದ.

ಬಣ್ಣ ಬಳಿದ ಮನೆಗಳ, ಕೋಟೆ ಬಾಗಿಲಿನ ಊರು ಅದು. ಒಂದು ದೊಡ್ಡ ಕಟ್ಟಡದೊಳಗೆ ಜನ ಬಿಸಿ ಬಿಸಿ ಕಪ್ಪು ಕೆಸರಿನಲ್ಲಿ ಮಲಗಿದ್ದರು.

"ಮೊಣಕಾಲು ನೋವು ಹೋಗ್ತತಂತ್ರಿ," ಎಂದ ಹರೀಶ.

"ಕೆಸರಲ್ಲಿ ನಿಂತೇ ನನ್ನ ಮೊಣಕಾಲು ಹೋಗಿರಾದು. ಮುಚ್ಚಪ್ಪ ಬಾಯಿ!"

ಗಂಗರಾಜು ಹೊಟ್ಟೆ ಹಿಡಿದುಕೊಂಡು ನಕ್ಕ.

ಮೂರನೆಯ ದಿನ ಕೆರೆಯ ಏರಿಗೆ ಹೋದರು. ಹುಣಿಸೆಮರಕ್ಕಿಂತ ದಪ್ಪನೆಯ ಮರಗಳು ಸಾಲಾಗಿದ್ದವು. ಕೆರೆ ಅರೆ ಖಾಲಿ. ನೀರು ಭೋರೆಂದು ಹೊರಗೆ ಹೋಗುತ್ತಿತ್ತು, ಕೆಳಗೆ ಒಂದು ಗದ್ದೆಯೂ ಕಾಣಲಿಲ್ಲ. ತಿಪ್ಪೇರುದ್ರಪ್ಪನ ನೆತ್ತಿಗೆ ಬೆಂಕಿ ಹತ್ತಿತು.

"ಯಾವನ್ಲಾ ತೂಬು ಎತ್ತಿದೋನು? ಯಾರ ಬೆಳೆಗೆ ಬಿಟ್ಟವ್ನೆ ಈ ನೀರಾ?"

ತೊಡೆಯವರೆಗೆ ರಬ್ಬರ್ ಬೂಟು ಹಾಕಿದ್ದ ಮುದುಕನೊಬ್ಬ ಹತ್ತಿರ ಬಂದ. ಆ ಕೆರೆ ಅವನ ಸುಪರ್ದಿನಲ್ಲಿತ್ತು. ಹರೀಶ ನಾಚಿಕೊಂಡೇ ಬೈಗುಳವನ್ನು ತಿಳಿಸಿದ. ಮುದುಕ ಸಿಟ್ಟಾಗಲಿಲ್ಲ. ತಿಪ್ಪೇರುದ್ರಪ್ಪನ ತೋಳು ಹಿಡಿದು ಕಾಲುವೆಯ ಗುಂಟ ನಡೆಸಿಕೊಂಡು ಹೋದ. ಮೀನು ಹಿಡಿಯಲೆಂದು ಬಿಟ್ಟ ನೀರು ಕೆಳಗಿನ ಕೆರೆಗೆ ಸೇರುತ್ತಿತ್ತು, ಅಲ್ಲಿಂದ ಅದರ ಕೆಳಗಿನದಕ್ಕೆ. ಮೀನು ಹಿಡಿದ ಮೇಲೆ ಈ ಕೆರೆಗೂ ಮೇಲಿನಿಂದ ಮತ್ತೆ ನೀರು ಬರುತ್ತದೆ. ಒಂದು ಬೊಗಸೆ ಪೋಲಾಗುವುದಿಲ್ಲ. ತಿಪ್ಪೇರುದ್ರಪ್ಪ ಅಲ್ಲೇ ಕೂತು ತುಂಬ ಹೊತ್ತು ನೋಡಿದ.

ಏರಿಗೆ ವಾಪಸು ಬಂದಾಗ ಮುದುಕ ತೂಬಿಗೆ ಅಡ್ಡವಾಗಿ ಇನ್ನೂ ಉಳಿದಿದ್ದ ಒಂದು ಹಲಗೆ ತೋರಿಸಿ, ನೀನು ಎತ್ತು ಎಂದು ಸನ್ನೆ ಮಾಡಿದ. ಪರರ ತೂಬನ್ನು ತಿಪ್ಪೇರುದ್ರಪ್ಪ ಜನ್ಮದಲ್ಲಿ ಮುಟ್ಟಿದವನಲ್ಲ. ಆದರೆ ತನ್ನ ಕಸುಬು ಬಲ್ಲವನೊಬ್ಬ ಮರ್ಯಾದೆ ಕೊಡುವಾಗ ಬೇಡ ಎನ್ನುವುದು ಹೇಗೆ? ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಎತ್ತಿದ. ಗಂಗರಾಜು ಫೋಟೋ ತೆಗೆದ.

ಊರಿಗೆ ಬಂದಾಗ ಕೆರೆ ತುಂಬಿತ್ತು. ಕೊನೆಯ ಮಡಿಯ ಗಂಗಕ್ಕನ ಭತ್ತ ಹಾಲು ಕಟ್ಟುತ್ತಿತ್ತು. ಕಾರ್ತೀಕದ ಒಂದು ಬೆಳಗ್ಗೆ, ಅವನ ಕಂಬಿ ಅಟ್ಟದ ಮೇಲೇ ಇರುವಾಗ, ಕಾಲುವೆಯಲ್ಲಿ ನೀರಿನ ಸದ್ದು ಕೇಳಿತು. ಓಡಿದ. ಗಂಗರಾಜು ಮಡಕಶಿರಾದಲ್ಲಿ ಹೊಸ ಕಂಬಿ ಮಾಡಿಸಿ ತಂದು ತೂಬು ಪೂರ್ತಿ ಎತ್ತಿದ್ದ. ಕಾಲುವೆ ಮೀರಿದ ನೀರು ಹಳ್ಳಕ್ಕೆ ಬೀಳುತ್ತಿತ್ತು. ಊರಿನವರು ಸೇರಿದ್ದರು.

"ಮುಚ್ಚಲೋ!"

"ಯಾಕಣ್ಣ? ಫಾರಿನ್ನಾಗೆ ಮೀನಿಗೆ ನೀರು ಬಿಟ್ಟೋನು ನೀನೇ ಅಲ್ವಾ? ನೋಡ್ರಪ್ಪಾ ಎಲ್ಲಾ!" ಫೋನು ಕೈಯಿಂದ ಕೈಗೆ ಹೋಯಿತು. ಜೀನ್ಸ್ ಕೋಟು, ಎತ್ತಿದ ಹಲಗೆ, ನಗುಮುಖ.

"ಅಲ್ಲಿ ಕೆಳಗೆ ಇನ್ನೊಂದು ಕೆರೆ ಐತೆ ಕಣ್ರಲಾ! ನಮ್ಮ ಕೆಳಗಿನ ಕೆರೆ ಏರಿ ಒಡೆದು ಎಷ್ಟು ವರ್ಷ ಆತು?"

ಫೋಟೋದಲ್ಲಿ ಕೆಳಗಿನ ಕೆರೆ ಇರಲಿಲ್ಲ. ಪ್ರತಿ ಸುಗ್ಗಿಯಲ್ಲೂ ಮೊದಲ ಸೇರು ಅವನ ಮಡಿಲಿಗೆ ಹಾಕುತ್ತಿದ್ದ ಗಂಗಕ್ಕ ಫೋನು ನೋಡಿದಳು, ಅವನ ಮುಖ ನೋಡಿದಳು.

"ನೀನೂ ಇವ್ರ ಜೊತೆಗೇನಾ, ತಿಪ್ಪೇರುದ್ರಣ್ಣ?"

ಅವನು ತೂಬು ಮುಚ್ಚಲು ಕೆಸರಿಗೆ ಇಳಿದ. ಮೊಣಕಾಲು ನಿಲ್ಲದೆ ಮುಗ್ಗರಿಸಿ ಬಿದ್ದ.

"ಹಂಗೇ ಮಲಕ್ಕಣ್ಣ, ಮೊಣಕಾಲಿಗೆ ಒಳ್ಳೇದಂತೆ!" ಎಂದ ಗಂಗರಾಜು. ಎಲ್ಲರೂ ನಕ್ಕರು. ಯಾರ ಭತ್ತ ಒಣಗಲಿತ್ತೋ ಅವರೂ ನಕ್ಕರು.

ಆ ವರ್ಷ ಗಂಗಕ್ಕನ ಕಣದಲ್ಲಿ ತೂರಿದ್ದೆಲ್ಲ ಜೊಳ್ಳು. ತಿಪ್ಪೇರುದ್ರಪ್ಪ ಯಾರ ಕಣಕ್ಕೂ ಹೋಗಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.