ಬೇವಿನ ಬುಡದ ಮಣ್ಣು

ಶಾಂತಕ್ಕ, ನಿಮ್ಮ ತಮ್ಮ ಶಿವಾನಂದನ ದೇಹ ಸಿಗಲು ಒಂದು ವರ್ಷ ತಡವಾದದ್ದು ನಾನು ಹೇಳಿದ ಸುಳ್ಳಿನಿಂದ. ಯಂತ್ರದ ತಪ್ಪಲ್ಲ, ಪೊಲೀಸರದ್ದೂ ಅಲ್ಲ — ನನ್ನದು.

ಮಣ್ಣಿನೊಳಗೆ ಕೊಳೆಯುವ ದೇಹದಿಂದ ಏಳುವ ವಾಸನೆಯನ್ನು ನಳಿಕೆಯಲ್ಲಿ ಹೀರಿ ತಂದು, ಅದರಲ್ಲಿ ಯಾವ ರಾಸಾಯನಿಕಗಳಿವೆ ಎಂದು ಬಿಡಿಸಿ ನೋಡುವುದು ನನ್ನ ಕೆಲಸ. ಮಣಲಿಯಲ್ಲಿ ಅದನ್ನು ಮಾಡುವುದೆಂದರೆ — ಏನು ಹೇಳಲಿ, ಅಲ್ಲಿ ಕಾರ್ಖಾನೆಯ ಗಾಳಿಯೇ ಕೊಳೆತು ನಾರುತ್ತದೆ. ಅದಕ್ಕೇ ಅನುಮಾನದ ಜಾಗದ ಜೊತೆಗೆ, ಏನೂ ಹೂತಿರದ ಪಕ್ಕದ ಮಣ್ಣಿನ ವಾಸನೆಯನ್ನೂ ತರುತ್ತೇವೆ. ಎರಡರಲ್ಲೂ ಇರುವುದನ್ನು ಕಳೆದರೆ ಉಳಿದದ್ದು ದೇಹದ್ದು. ಶಿವಾನಂದ ಕಾಣೆಯಾದ ಮೇಲೆ ಮಣಲಿಯ ಒಂದು ಖಾಲಿ ಸೈಟಿನಲ್ಲಿ ಪೊಲೀಸರು ಅನುಮಾನಪಟ್ಟು ತೋರಿಸಿದ್ದು ಗೋಡೆಯ ಪಕ್ಕ. ಹೋಲಿಕೆಗೆಂದು ನಾನು ಆರಿಸಿದ್ದು ಬೇವಿನ ಮರದ ಬುಡ. ನೆರಳಿತ್ತು, ಅಷ್ಟೇ ಕಾರಣ. ಬಿಸಿಲಿಗೆ ತಲೆ ಕೆಟ್ಟು ಹೋಗಿತ್ತು.

ಎರಡರಲ್ಲೂ ಒಂದೇ ಗಂಧಕದ ವಾಸನೆ ಬಂತು; ಅದು ಕೊಳೆತ ದೇಹದಿಂದಲೂ ಬರುತ್ತದೆ, ಕಾರ್ಖಾನೆಯಿಂದಲೂ ಬರುತ್ತದೆ. ಬೇವಿನ ಬುಡದ್ದು ಇನ್ನೂ ಜೋರು. ಹಾಗಿರಬಾರದು, ಶಾಂತಕ್ಕ — ನೋಡಿದೆ, ನೋಡಿಯೂ ಎಲ್ಲ ಮಣಲಿಯ ಗಾಳಿ ಎಂದುಕೊಂಡೆ. ಕಳೆದೆ. ಏನೂ ಉಳಿಯಲಿಲ್ಲ. ನಮ್ಮ ಹಿರಿಯ ವಿಜ್ಞಾನಿಗೆ ಸಂಶಯ ಬಂತು. ದೂರದಿಂದ ಇನ್ನೊಂದು ಮಾದರಿ ತೆಗೆದೆಯಾ ಎಂದು ತಮಿಳಿನಲ್ಲಿ ಕೇಳಿದರು.

"ಎಡುತ್ತೇನ್ ಸಾರ್. ಅದುವುಂ ಇದೇ ಮಾದಿರಿತಾನ್," ಎಂದೆ. ತೆಗೆದೆ ಸಾರ್, ಅದೂ ಹೀಗೇ ಇದೆ.

ತೆಗೆದಿರಲಿಲ್ಲ. ಮತ್ತೆ ಆ ನಾತಕ್ಕೆ, ಆ ಬಿಸಿಲಿಗೆ ಹೋಗುವುದು ಬೇಡವಾಗಿತ್ತು. ಇಷ್ಟಕ್ಕೆ — ಬರೀ ಇಷ್ಟಕ್ಕೆ. ನೆನೆದರೆ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯುತ್ತದೆ.

ಪೊಲೀಸರು ಅಗೆಯಲಿಲ್ಲ. ನನ್ನ ಮಾತನ್ನು ನಂಬಿ ನಿಮ್ಮ ಅವ್ವ ಮಗ ಬದುಕಿದ್ದಾನೆಂದೇ ತಿಳಿದರು, ದಿನವೂ ಅವನಿಗೊಂದು ರೊಟ್ಟಿ ಎತ್ತಿಟ್ಟರು, ಹಾಗೇ ತೀರಿಕೊಂಡರು. ಆಮೇಲೆ ಸಿಕ್ಕಿಬಿದ್ದ ಕೊಲೆಗಾರ ಬೆರಳು ಮಾಡಿ ತೋರಿಸಿದ್ದು ಆ ಬೇವಿನ ಬುಡವನ್ನೇ.

ನಮ್ಮವರ ರೂಢಿಯಂತೆ ವಿಭೂತಿ, ಬಿಲ್ವಪತ್ರೆ ಹಾಕಿ ಅವನನ್ನು ಮಣ್ಣು ಮಾಡಿದ ದಿನ ನಾನೂ ಬಂದಿದ್ದೆ. ಮಣ್ಣಾದ ನಿಮ್ಮ ಕೈಯಲ್ಲೇ ನನ್ನ ಕೈ ಹಿಡಿದಿರಿ.

"ಅವ್ವಾನೂ ಇದ್ದಿದ್ರ ತನ್ನ ಕೈಯಾರೆ ಒಂದ್ ಹಿಡಿ ಮಣ್ಣ ಹಾಕ್ತಿದ್ಲು. ಅದೊಂದು ಆಗ್ಲಿಲ್ಲ ನೋಡವಾ. ನೀ ಏನ್ ಮಾಡ್ತಿ, ಆ ಮಣಲಿ ನಾತದಾಗ ಯಾರಿಗೆ ತಿಳೀತೈತಿ."

ನಾನು ತಲೆಯಾಡಿಸಿದೆ. ನಿಮ್ಮ ಸಮಾಧಾನದ ಮಾತನ್ನೂ ಕದ್ದುಕೊಂಡು ಮನೆಗೆ ಹೋದೆ.

ನಿನ್ನೆ ಆ ಹಿರಿಯ ವಿಜ್ಞಾನಿಗೆ ಎಲ್ಲ ಹೇಳಿದೆ. ಪೊಲೀಸರಿಗೆ ತಿಳಿಸಲೇಬೇಕು ಎಂದರು. ತಿಳಿಸಲಿ. ನಾಳೆ ಪುರಸೈವಾಕ್ಕಂಗೆ, ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕಾಗಿಲ್ಲ, ಬಾಗಿಲಲ್ಲಿ ನಿಂತೇ ಹೇಳುತ್ತೇನೆ. ನಿಮಗಾದರೂ ಹೇಳಬಹುದು, ಶಾಂತಕ್ಕ — ಅವ್ವನಿಗೆ ಹೇಳಲು ನಾನು ಯಾವ ಬಾಗಿಲಿಗೆ ಹೋಗಲಿ.