ಮಗ್ಗದ ಗುಳಿಯಲ್ಲಿ ಎದ್ದ ನೀರು

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿಗಳನ್ನಲ್ಲದೆ ಬೇರೇನನ್ನೂ ನಾನು ಈವರೆಗೆ ಬರೆದವನಲ್ಲ. ಬರವಣಿಗೆಯಲ್ಲಿ ಲೋಪವಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ವಿಷಯದಲ್ಲಿ ಲೋಪವಿಲ್ಲ, ಆ ನಾತ ಈಗಲೂ ನನ್ನ ಮೂಗಿನಲ್ಲಿದೆ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿದ್ದ ನನ್ನ ಅಕ್ಕ-ಭಾವನವರ ಮನೆಯು ರಸ್ತೆ ಅಗಲೀಕರಣಕ್ಕೆ ಒಳಪಟ್ಟ ಕಾರಣ, ಯಳಂದೂರು ರಸ್ತೆಯ ಬದಿಯ ಹೊಸ ನಗರದಲ್ಲಿ ಅವರಿಗೆ ಮನೆ ನೀಡಲಾಯಿತು. ಸದರಿ ಜಾಗವು ಹಿಂದೆ ಕೆರೆಯಾಗಿತ್ತು. ಹೊನ್ನೂರಿಗೆ ಹೋಗುವಾಗ ಅದರ ತಾವರೆ ಎಲೆಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಅದನ್ನು ಕಟ್ಟಡಗಳ ಕಸದಿಂದ ಮುಚ್ಚಿ, ಟಾರು ಬಳಿದು, ರಸ್ತೆಗಳಿಗೆ ಹೂವಿನ ಹೆಸರಿಡಲಾಗಿತ್ತು.

ಭಾವನವರದು ಗುಳಿ ಮಗ್ಗ. ನೇಯುವವರು ನೆಲದಲ್ಲಿ ಕುಳಿತು, ಕಾಲುಗಳನ್ನು ಗುಳಿಗೆ ಇಳಿಬಿಟ್ಟು ಹಲಗೆಗಳನ್ನು ತುಳಿಯಬೇಕು. ಧಾರೆ ಸೀರೆಯೊಂದರ ರೇಷ್ಮೆ ಹಾಸು, ಅಂದರೆ ಉದ್ದದ ಎಳೆಗಳ ಸುರುಳಿ, ಸಿದ್ಧವಾಗಿದ್ದು, ಮಗ್ಗ ಹೂಡುವುದಷ್ಟೇ ಬಾಕಿಯಿತ್ತು. ಒಳ್ಳೆಯ ದಿನ ನೋಡಿ, ನಡುಮನೆಯ ಟೈಲ್ಸ್ ಕಿತ್ತು, ಭಾವನವರು ಹಾರೆ ಹಿಡಿದರು. ನಾನು ಮಣ್ಣು ಹೊತ್ತೆ. ಮೊದಲು ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ. ಅನಂತರ ಬಸವನಹುಳುವಿನ ಚಿಪ್ಪು. ಮೊಣಕಾಲುದ್ದ ತೋಡುವಷ್ಟರಲ್ಲಿ ನೀರು ಎದ್ದಿತು.

ಹಳೆಯ ಬೀದಿಯಿಂದ ಜೊತೆಗೇ ಬಂದಿದ್ದ ನೆರೆಮನೆಯ ಅಜ್ಜಿ ಕೈಮುಗಿದರು. “ಗಂಗವ್ವ ಬಂದವ್ಳೆ ಕಣ್ರವ್ವ! ಏನ್ ನೋಡ್ತಾ ನಿಂತಿದ್ದೀರಿ? ಅರಿಸಿನ ಕುಂಕುಮ ಆಕಿ.”

ಅಕ್ಕ ಅರಿಶಿನ ಕುಂಕುಮ ಹಾಕಿ, ಊದುಕಡ್ಡಿ ಹಚ್ಚಿದಳು. ಆ ಹೊಗೆಯಲ್ಲಿ ನೀರಿನ ವಾಸನೆ ಯಾರಿಗೂ ತಿಳಿಯಲಿಲ್ಲ. ಭಾವನವರು ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡು, ತೀರ್ಥದಂತೆ ನನ್ನ ಅಂಗೈಗೂ ಹಾಕಿದರು. ತುಟಿಯ ಬಳಿ ಬಂದಾಗ ಗೊತ್ತಾಯಿತು.

“ಇದ್ಯಾವ ಗಂಗೆ ಅಜ್ಜಿ? ಊರ ಕಕ್ಕಸೆಲ್ಲ ನಮ್ಮನೆಗೇ ಬಂದದೆ!” ಎನ್ನುತ್ತ ಭಾವನವರು ನಲ್ಲಿಗೆ ಓಡಿದರು. ನಾನು ಬಾಗಿಲಲ್ಲೇ ವಾಂತಿ ಮಾಡಿಕೊಂಡೆ.

ವಿಷಯ ತಿಳಿಸಲಾಗಿ, ನಗರದ ಕಚೇರಿಯಿಂದ ಎಂಜಿನಿಯರೊಬ್ಬರು ಮೂಗಿಗೆ ಕರವಸ್ತ್ರವಿಟ್ಟು ಬಂದರು. ಮುಚ್ಚಿದ ನೆಲ ಕುಸಿದು ಒಳಚರಂಡಿಯ ಪೈಪು ಒಡೆದಿದೆಯೆಂದರು. ಆದರೆ ಅವರ ಸಿಟ್ಟು ನಮ್ಮ ಮೇಲೆ.

“ಮನೆಯೊಳಗೆ ಗುಂಡಿ ತೋಡೋಕೆ ಪ್ಲಾನ್‌ನಲ್ಲಿ ಅವಕಾಶ ಇಲ್ಲ ಕಣ್ರಿ.”

“ನಾವು ಗುಂಡಿ ತೋಡುದ್ರೆ ತಪ್ಪು, ನೀವು ಕೆರೆ ಮುಚ್ಚುದ್ರೆ ಪ್ಲಾನು. ಅಲ್ವಾ ಸಾ?” ಎಂದರು ಭಾವ. ಎಂಜಿನಿಯರು ಕರವಸ್ತ್ರ ಒತ್ತಿಕೊಂಡು ಹೊರಟರು; ಪೈಪು ದುರಸ್ತಿಯಾಗಲಿಲ್ಲ.

ಭಾವನವರು ಬಕೆಟ್ಟಿನಲ್ಲಿ ಬಳಿದು ಹಾಕಿದಷ್ಟೂ ಗುಳಿ ತುಂಬುತ್ತಿತ್ತು. ಆದರೂ ಮಗ್ಗ ಹೂಡುವ ಹಟ ಬಿಡಲಿಲ್ಲ. ಕೊನೆಗೆ ಅಕ್ಕ ಹಾಸನ್ನು ಎದೆಗವಚಿ ನಿಂತಳು. “ರೇಷ್ಮೆ ನಾತ ಈರ್ಕತದೆ ಅನ್ನೋದು ನಿಮ್ಗೆ ನಾನು ಯೋಳ್ಬೇಕಾ? ಏಲಿನ್ ಗುಂಡಿ ಮೇಲೆ ನೇದು ಮದ್ವೆ ಎಣ್ಗೆ ಉಡುಸ್ತೀರಾ?”

ಭಾವನವರು ಬಕೆಟ್ ಕೆಳಗಿಟ್ಟರು. ಗುಳಿಯನ್ನು ಸಿಮೆಂಟಿನಿಂದ ಮುಚ್ಚಲಾಯಿತು, ಆದರೆ ನಾತ ಹೋಗಲಿಲ್ಲ. ಆ ಸೀರೆಯನ್ನು ಹಳೆಯ ಬೀದಿಯಲ್ಲಿ ಉಳಿದ ಬೇರೊಬ್ಬರು ನೇಯ್ದರು. ಭಾವನವರು ಈಗ ಬೆಳಗಿನ ಬಸ್ಸಿನಲ್ಲಿ ಅಲ್ಲಿಗೇ ಕೂಲಿಗೆ ಹೋಗುತ್ತಾರೆ. ಅವರ ಮಗ್ಗದ ಮರಗಳು ತಾರಸಿಯ ಮೇಲಿದ್ದು, ಅವುಗಳ ಮೇಲೆ ಬಟ್ಟೆ ಒಣಗುತ್ತದೆ.

ನಾನು ಹೋದಾಗಲೆಲ್ಲ ಅಕ್ಕ ಕಾಫಿ ಕೊಡುತ್ತಾಳೆ. ಲೋಟ ಹಿಡಿದು ರಸ್ತೆಗೆ ಬಂದು ಕುಡಿಯುತ್ತೇನೆ. ಅವಳೂ ತನ್ನ ಲೋಟ ಹಿಡಿದು ಹಿಂದೆಯೇ ಬರುತ್ತಾಳೆ.