ಬಾಟ್ಲ್ಯಾಗಿನ ಬಿಸಲು

ಮೊನ್ನೆ ಬೆಳಿಗ್ಗೆ ಮಗಳ ವಿಟಮಿನ್ ಡಿ ಹನಿಯ ಬಾಟ್ಲಿಯ ಮುಚ್ಚಳ ತಿರುವಿದೆ ನೋಡಿ, ಕಿತ್ತಳೆ ಪೆಪ್ಪರಮಿಂಟಿನ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ! ಲಕಮನಹಳ್ಳಿಯ ಬಾಡಿಗೆ ಮನೆಯಲ್ಲಿ ನಿಂತಿದ್ದವನು ಒಮ್ಮೆಲೇ ಹುಬ್ಬಳ್ಳಿಯ ನಮ್ಮ ಹಳೆಯ ಓಣಿಗೆ ಹೋಗಿಬಿಟ್ಟೆ. ಎಲ್ಲರಿಗೂ ಅದು ಔಷಧದ ವಾಸನೆ, ನನಗೆ ಒಂದು ಕೂಸಿನ ನೆತ್ತಿಯ ವಾಸನೆ. ಹೌದು, ನೆತ್ತಿಯದೇ! ತಡೀರಿ, ಹೇಳುತ್ತೇನೆ...

ನಮ್ಮ ಓಣಿಯಲ್ಲಿ ಕೂಸುಗಳಿಗೆ ಎರೆಯಲು ಬರುವ ಒಬ್ಬ ಆಯಿ ಇದ್ದಳು. ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಸುರಿದಳೆಂದರೆ ಅದು ಮಧ್ಯಾಹ್ನದವರೆಗೆ ಮಿಸುಕುತ್ತಿರಲಿಲ್ಲ. ಓಣಿಯ ಅರ್ಧ ಮಂದಿ ಅವಳ ಕೈಯಲ್ಲೇ ಎರೆಸಿಕೊಂಡು ದೊಡ್ಡವರಾದವರು, ನಾನೂ ಸೇರಿ. ನನ್ನ ಮೂಗನ್ನು ಎಣ್ಣೆ ಹಚ್ಚಿ ಎಳೆದೆಳೆದು ನೆಟ್ಟಗೆ ಮಾಡಿದ್ದು ತಾನೇ ಎಂದು ಕೊನೆಯವರೆಗೂ ಹೇಳಿಕೊಂಡಳು. ನನ್ನ ಮೂಗು ನೋಡಿದವರಿಗೆ ಅವಳ ಕಸುಬಿನ ಮೇಲೆ ಅನುಮಾನ ಬರುತ್ತಿತ್ತು, ಆ ಮಾತು ಬೇರೆ.

ಆಗ ನಾನು ಪಿಯುಸಿ. ಓದು ಹೆಸರಿಗೆ ಮಾತ್ರ, ಖರೆ ಉದ್ಯೋಗ ಓಣಿಯವರ ದನಿ ಕದಿಯುವುದು. ಹಾಲಿನವನ ಕೂಗು, ಮಾಸ್ತರರ ಕೆಮ್ಮು, ಸಾಹೇಬರ ಫೋನು ಬಂದಾಗ ಕುಗ್ಗುವ ಅಪ್ಪನ ಗಂಟಲು, ಹುಡುಗಿಯರ ಮುಂದೆ ಒಡೆಯುವ ನನ್ನದೇ ದನಿ... ಎಲ್ಲವನ್ನೂ ತೆಗೆಯುತ್ತಿದ್ದೆ. ಆಯಿಯದೊಂದು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಬೀಸುವ ಕಲ್ಲಿನಂಥ ಗೊಗ್ಗರು ದನಿ ಅದು. ಅಣಕಿಸಿದರೆ ಬೇರೆಯವರು ಸಿಟ್ಟಾಗುತ್ತಿದ್ದರು. ಇವಳು ತಿದ್ದುತ್ತಿದ್ದಳು!

"ಏ ಮಂಗ್ಯಾ, ನಾ ಹಂಗ ತೆಳ್ಳಗ ಮಾತಾಡ್ತೇನೇನೋ? ಹೊಟ್ಟ್ಯಾಗಿಂದ ತಗಿ!"

ಆ ವರ್ಷ ನಮ್ಮಕ್ಕ ಗಂಡನ ಊರಾದ ಸುಳ್ಳದಿಂದ ಚೊಚ್ಚಲ ಹೆರಿಗೆಗೆ ಬಂದಳು. ಗಂಡುಕೂಸು ಹುಟ್ಟಿತು. ಆಯಿ ಬಂದವಳೇ ಮೊದಲು ಮಾಡಿದ ಕೆಲಸ ಬಾಣಂತಿ ಖೋಲಿಯ ಕಿಟಕಿಗೆ ದಪ್ಪ ಕಂಬಳಿ ಕಟ್ಟಿದ್ದು. ಬಾಗಿಲಿಗೆ ಅವ್ವನ ಹಳೆಯ ಸೀರೆಯ ಪರದೆ. ಗಾಳಿಗೇ ಒಳಗೆ ಹೋಗಲು ಅಪ್ಪಣೆ ಇರಲಿಲ್ಲ, ಇನ್ನು ಬೆಳಕಿನ ಪಾಡೇನು!

ಅಕ್ಕನಿಗೆ ಹಾಲು ಬೇಕಾದಷ್ಟಿತ್ತು, ಧೈರ್ಯ ಇರಲಿಲ್ಲ. ನೋಡಲು ಬಂದವರೆಲ್ಲ "ಕೂಸು ಸಣ್ಣ ಐತಲ್ಲವ್ವಾ, ಹಾಲು ಸಾಲತಾವಿಲ್ಲೋ?" ಎಂದು ಕೇಳಿಯೇ ಚಹಾ ಕುಡಿಯುತ್ತಿದ್ದರು. ಅವಳ ಅತ್ತೆಯಂತೂ ಬರುವಾಗಲೇ ಹಾಲಿನ ಪುಡಿಯ ಡಬ್ಬಿ ತಂದು ಗೋಡೆಯ ಮಾಡದಲ್ಲಿ ಇಟ್ಟು ಹೋಗಿದ್ದರು. ಅಕ್ಕ ಹಾಲು ಕುಡಿಸುವಾಗಲೆಲ್ಲ ಆ ಡಬ್ಬಿಯನ್ನೇ ನೋಡುತ್ತಿದ್ದಳು. ಅಂಥದರಲ್ಲಿ ಡಾಕ್ಟರಮ್ಮ ವಿಟಮಿನ್ ಹನಿ ಬರೆದುಕೊಟ್ಟರು, ದಿನಾ ಕೂಸಿನ ಬಾಯಿಗೆ ಹಾಕಿರಿ ಎಂದು. ದವಾಖಾನೆಯ ಗದ್ದಲದಲ್ಲಿ ಯಾಕೆ ಎಂದು ಕೇಳಲು ನಮಗೆ ಯಾರಿಗೂ ಬಾಯಿ ಬರಲಿಲ್ಲ. ಮನೆಗೆ ಬಂದು ಅಕ್ಕ ಅತ್ತಳು.

"ಡಾಕ್ಟರೂ ಅದನ್ನ ಅಂದಂಗಾತಲ್ಲ! ನನ್ನ ಹಾಲಿನ್ಯಾಗ ಏನೋ ಕಮ್ಮಿ ಐತಿ. ನಾಳಿಂದ ಆ ಡಬ್ಬಿನ ಒಡೀತೇನಿ."

ಆಯಿ ಕೆರಳಿದಳು. "ಯಾವಾಕಿ ಅಂದಾಕಿ? ನಿನ್ನ ಹಾಲು ಕುಡದ ಕೂಸು ಒದ್ದರ ನನ್ನ ಕೈ ಝುಮ್ ಅಂತೈತಿ! ಡಬ್ಬಿ ಮುಟ್ಟು ನೋಡೂಣು, ನಾ ಎರಿಯಾಕ ಬರಂಗಿಲ್ಲ."

ಡಾಕ್ಟರ ಮಾತು ಮೀರಲು ಅವ್ವನಿಗೆ ಹೆದರಿಕೆ. "ಅದನ್ನ ನನಗ ಬಿಡವ್ವಾ" ಎಂದು ಆಯಿ ಹನಿಯ ಬಾಟ್ಲಿಯನ್ನು ತನ್ನ ಎಣ್ಣೆ ಬಟ್ಟಲಿನ ಪಕ್ಕದಲ್ಲಿ ಇಟ್ಟುಕೊಂಡಳು. ನಾವೆಲ್ಲ ನಿರಾಳ.

ಕೆಲವು ದಿನ ಕಳೆಯಿತು. ಒಂದು ಮುಂಜಾನೆ ಕೂಸಿನ ಕುಲಾವಿಗೆ ಇರುವೆ ಮುತ್ತಿದವು! ಅವ್ವ ಕುಲಾವಿ ಝಾಡಿಸಿ ಮೂಸಿ ನೋಡಿದಳು. ನಾನು ಕೂಸಿನ ತಲೆಯನ್ನೇ ಮೂಸಿದೆ. ನೆತ್ತಿ ತುಂಬ ಕಿತ್ತಳೆ ಪೆಪ್ಪರಮಿಂಟು! ಆಯಿಯನ್ನು ಕೇಳಿದರೆ ಒಂದು ಚೂರೂ ಅಳುಕಿಲ್ಲ.

"ಎಣ್ಣಿಯಂಗ ಜಿಡ್ಡ ಐತಿ ಅದು. ಎಣ್ಣಿ ಎಲ್ಲಿ ಹಾಕ್ತಾರ? ನೆತ್ತಿಗೆ! ಹಾಲು ಬಾಯಿಗೆ, ಔಷಧ ನೆತ್ತಿಗೆ. ಡಾಕ್ಟರ ಮಾತೂ ಉಳೀತು, ನಮ್ಮ ಹುಡುಗಿ ಮಾನಾನೂ ಉಳೀತು."

ಹನಿ ಹಾಗೆ ನೆತ್ತಿಗೇ ಬೀಳುತ್ತಿರುವಾಗ ಸೂಜಿ ಹಾಕಿಸುವ ದಿನ ಬಂತು. ಅಕ್ಕ, ಅವ್ವ, ಆಯಿ, ಕೂಸು ಆಟೋದಲ್ಲಿ ತುಂಬಿಕೊಂಡ ಮೇಲೆ ಉಳಿದ ಸಂದಿಯಲ್ಲಿ ನಾನು. ಡಾಕ್ಟರಮ್ಮ ಕೂಸನ್ನು ಪರೀಕ್ಷಿಸಲು ಬಗ್ಗಿದವರು ಹಾಗೆಯೇ ನಿಂತರು. "ಏನ್ರಿ ಇದು, ಕೂಸಿನ ತಲಿ ಚಾಕ್ಲೇಟಿನ ವಾಸನಿ ಹೊಡೀಲಿಕ್ಕತ್ತದ?"

ನನಗೆ ಇನ್ನೇನು ಬೇಕು! ಸೊಂಟದ ಮೇಲೆ ಕೈಯಿಟ್ಟು, "ಹಾಲು ಬಾಯಿಗೆ, ಔಷಧ ನೆತ್ತಿಗೆ" ಎಂದು ಆಯಿಯ ಅವತಾರ ತೆಗೆದೇಬಿಟ್ಟೆ. ಡಾಕ್ಟರಮ್ಮ ನಕ್ಕ ರಭಸಕ್ಕೆ ಅವರ ಚಷ್ಮಾ ಜಾರಿತು. ಆಯಿ ಮಾತ್ರ ಗಂಭೀರ. "ಇನ್ನಾ ತೆಳ್ಳಗ ಆತು ದನಿ" ಎಂದಳು.

ಆ ನಗುವಿನ ನಡುವೆ ಅಕ್ಕ ಮೆಲ್ಲಗೆ ಕೇಳಿದಳು. "ಡಾಕ್ಟರ, ಖರೇ ಹೇಳ್ರಿ... ನನ್ನ ಹಾಲಿನ್ಯಾಗ ಕಮ್ಮಿ ಐತೇನ್ರಿ?"

ಎಲ್ಲರ ನಗೆ ನಿಂತಿತು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕುಳಿತರು. "ಯಾರಂದ್ರವಾ ಹಂಗ? ಕೂಸಿನ ತೂಕ ಛಲೋ ಏರೇದ. ನಿನ್ನ ಹಾಲು ಬಿಟ್ಟು ಬ್ಯಾರೆ ಹಾಲು ಬ್ಯಾಡ. ಈ ಡಿ ಅನ್ನೂದೊಂದು ಯಾರ ಹಾಲಿನ್ಯಾಗೂ ಬೇಕಾದಷ್ಟು ಇರೂದಿಲ್ಲ. ನಂದ್ರಾಗೂ ಇರಲಿಲ್ಲ, ನನ್ನ ಮಕ್ಕಳಿಗೂ ಇದನ್ನ ಹಾಕೇನಿ. ಎಲುಬು ಗಟ್ಟಿ ಆಗಲಿಕ್ಕೆ ಬೇಕು. ಮೈಗೆ ಬಿಸಲು ಬಿದ್ದರ ಅದು ತಾನ ತಯಾರಾಗ್ತದ. ನಿಮ್ಮ ಖೋಲ್ಯಾಗ ಬಿಸಲು ಬರ್ತದೇನು?"

ಆಯಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಹೊರಗೆ ಸಾಲಿನಲ್ಲಿ ಕುಳಿತವರಿಗೂ ಕೇಳುವ ಹಾಗೆ ಗುಡುಗಿದಳು: "ಕಂಬಳಿ ಕಟ್ಟಿದಾಕಿ ನಾನ್ರಿ! ಕೇಳಿದೇನ ಹುಡುಗಿ? ಕಮ್ಮಿ ನಿನ್ನ ಹಾಲಿನ್ಯಾಗಲ್ಲ, ನನ್ನ ಕಂಬಳ್ಯಾಗ!"

"ಕಂಬಳಿ ತಗದ್ರೂ ಹನಿ ಬೇಕ ಆಯಿ" ಎಂದು ಡಾಕ್ಟರಮ್ಮ ಗಾಬರಿಯಿಂದ ಸೇರಿಸಿದರು. "ಎಳೀ ಕೂಸಿಗೆ ಬಿಸಲನ್ನ ಅಳದು ಹಾಕಲಿಕ್ಕೆ ಬರೂದಿಲ್ಲ. ಅದೂ ಬಾಯಿಗೆ!"

"ಅಂದ್ರ ಇದು ಬಾಟ್ಲ್ಯಾಗಿನ ಬಿಸಲು ಅನ್ರಿ. ಮೊದಲ ಹಂಗ ಹೇಳಬೇಕಿಲ್ಲೋ!"

ಅಕ್ಕ ನಕ್ಕಳು. ಹೆರಿಗೆಯಾದ ಮೇಲೆ ಹಾಗೆ ಬಾಯಿತುಂಬ ನಕ್ಕಿದ್ದನ್ನು ನಾನು ಕಂಡಿದ್ದು ಅಂದೇ. ಮಾಡದಲ್ಲಿದ್ದ ಡಬ್ಬಿ ಒಡೆಯದೆಯೇ ಸುಳ್ಳಕ್ಕೆ ವಾಪಸು ಹೋಯಿತು. ಅತ್ತೆಯವರು ಅದನ್ನು ಚಹಾಕ್ಕೆ ಹಾಕಿಕೊಂಡು ಮುಗಿಸಿದರಂತೆ. ಕಂಬಳಿಯೂ ಸರಿಯಿತು, ಆದರೆ ಅರ್ಧ ಮಾತ್ರ. ಅಷ್ಟು ಸುಲಭಕ್ಕೆ ಸೋಲುವವಳೇ ಆಯಿ? ಆದರೆ ಅಂದಿನಿಂದ ಯಾವ ಮನೆಗೆ ಎರೆಯಲು ಹೋದರೂ ಹೊಸ್ತಿಲಲ್ಲೇ ಮೊದಲ ಪ್ರಶ್ನೆ: "ಬಾಟ್ಲ್ಯಾಗಿನ ಬಿಸಲು ಹಾಕೀರಿಲ್ಲೋ?" ಇಲ್ಲವೆಂದರೆ ಎಣ್ಣೆ ಬಟ್ಟಲು ಮುಟ್ಟುತ್ತಿರಲಿಲ್ಲ. ಆ ಕೂಸು ಈಗ ಸುಳ್ಳದಲ್ಲಿ ಕ್ರಿಕೆಟ್ ಆಡಿ ಪಕ್ಕದ ಮನೆಯವರ ಹಂಚು ಒಡೆಯುತ್ತಿದೆ. ಎಲುಬಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ, ಹಂಚಿನದೇ ಚಿಂತೆ.

ಆಯಿ ನನ್ನ ಮದುವೆಗೆ ಬಂದಿದ್ದಳು, ಮೂಗು ಮುಟ್ಟಿ ನೋಡಿ ಹೋಗಿದ್ದಳು. ನನ್ನ ಮಗಳಿಗೆ ಎರೆಯಲು ಮಾತ್ರ ಉಳಿಯಲಿಲ್ಲ...

ಮೊನ್ನೆ ನಾನು ಬಾಟ್ಲಿ ಮೂಸುತ್ತ ನಿಂತಿದ್ದಾಗ, ಅಳುವ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಹೆಂಡತಿ ಕೇಳಿದಳು. "ಒಂದು ಮಾತು ಖರೇ ಹೇಳ್ರಿ, ನನ್ನ ಹಾಲಿನ್ಯಾಗ ಏನರ ಕಮ್ಮಿ ಐತೇನ್ರಿ?"

ಕಣ್ಣು ನೋಡಿದೆ. ಅಕ್ಕನ ಅವತ್ತಿನ ಕಣ್ಣೇ. ಡಾಕ್ಟರ ದನಿಯಲ್ಲಿ ಹೇಳೋಣವೆಂದು ಬಾಯಿ ತೆರೆದರೆ, ಎಲ್ಲಿತ್ತೋ ಏನೋ, ಹೊಟ್ಟೆಯ ಆಳದಿಂದ ಗೊಗ್ಗರು ದನಿ ಎದ್ದು ಬಂತು. "ಕಮ್ಮಿ ನಿನ್ನ ಹಾಲಿನ್ಯಾಗಲ್ಲ ಹುಡುಗಿ, ನನ್ನ ಕಂಬಳ್ಯಾಗ!"

ಮಗಳು ಅಳು ನಿಲ್ಲಿಸಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಹನಿ ಒಳಗೆ ಹೋಯಿತು.

"ಯಾವ ಕಂಬಳಿರೀ?" ಎಂದು ಹೆಂಡತಿ ನಗುತ್ತ ಕೇಳಿದಳು. ಕುಳಿತುಕೊಂಡು ಎಲ್ಲವನ್ನೂ ಹೇಳಿದೆ. ಹೇಳುವಾಗ ಆಯಿಯ ಮಾತು ಬಂದಾಗೊಮ್ಮೆ ಒಂದು ಗಳಿಗೆ ತಡೆಯುತ್ತಿದ್ದೆ, ಇನ್ನಾ ತೆಳ್ಳಗ ಆತು ಎಂದು ಯಾರಾದರೂ ಬೈಯುತ್ತಾರೇನೋ ಎಂದು. ಯಾರೂ ಬೈಯಲಿಲ್ಲ. ದನಿ ಈ ಸಲ ಸರಿಯಾಗಿಯೇ ಬಂದಿತ್ತೇನೋ... ಹೇಳಬೇಕಾದವಳೇ ಇರಲಿಲ್ಲ.